ಬರಗಾಲದ ಅಧಿಕ ಮಾಸ

*ಎಚ್‌ಐವಿಯನ್ನು ದಿನಕ್ಕೊಂದು ಗುಳಿಗೆ ಹಿಡಿದು ನಿಲ್ಲಿಸಿದೆ. ಅದೇ ಮೈಯಲ್ಲಿ ಬೀಡುಬಿಟ್ಟಿರುವ ಇನ್ನೊಂದು ವೈರಸ್ಸಿನ ಸಮಾಚಾರ ಕೇಳುವವರು ಯಾರು?*

"ಎಷ್ಟ್ ಗುಳಿಗಿ ಉಳದಾವ ಅಕ್ಕಾ?"

"ನಾಕ್ ಉಳದಾವ್ರೀ ಮೇಡಮ್ಮಾರ."

ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಸೆಂಟರ್. ಬೆಳಗಿನ ಹನ್ನೊಂದು ಗಂಟೆ. ಕೌನ್ಸೆಲರ್ ಎದುರು ಕುಳಿತಿದ್ದ ಐವತ್ತರ ಆಸುಪಾಸಿನ ಹೆಂಗಸು ಸೊಂಟದ ಸಂಚಿ ಬಿಚ್ಚಿದರು. ಅಡಿಕೆ ಚೂರು, ಸುಣ್ಣದ ಡಬ್ಬಿ, ಒಣಗಿದ ಎರಡು ಎಲೆ. ಅವುಗಳ ನಡುವಿನಿಂದ ಕಾಗದದ ಪೊಟ್ಟಣವೊಂದು ಹೊರಬಂತು. ಅದರೊಳಗೆ ನಾಲ್ಕು ಉದ್ದನೆಯ ಗುಳಿಗೆ. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿ ಎಲ್ಲಿ ಎಂದರೆ, "ಅದು ಗಿಲಗಿಲ ಅಂತದ್ರೀ, ಮಂದಿ ಕೇಳ್ತಾರ" ಎಂಬ ಉತ್ತರ.

ನಾಲ್ಕು ಯಾಕೆ ಉಳಿದವು? ತಂಗಿಯ ಮಗಳ ಮದುವೆ ಇತ್ತು. ನಾಲ್ಕು ದಿನ ಒಂದೇ ಪಡಸಾಲೆಯಲ್ಲಿ ಹತ್ತು ಹೆಂಗಸರ ಜೊತೆ ಮಲಗಿದ್ದು. ಅಷ್ಟು ಜನರ ಕಣ್ಣೆದುರು ಗುಳಿಗೆ ನುಂಗಿದರೆ ಯಾತರ ಗುಳಿಗೆ ಎಂದು ಕೇಳದೆ ಬಿಡುತ್ತಾರೆಯೇ?

ಕೌನ್ಸೆಲರ್ ಬೈಯಲಿಲ್ಲ. ರೋಗಿಯ ಪುಸ್ತಕವನ್ನು ತಿರುವಿ, ಹಳೆಯ ಪುಟವೊಂದರ ಮೇಲೆ ಬೆರಳಿಟ್ಟು ತಡೆದರು. ಅಲ್ಲಿ ಎಚ್‌ಐವಿಗೆ ಸಂಬಂಧಿಸದ ಒಂದು ಸಾಲಿತ್ತು: ಎಚ್‌ಬಿಎಸ್‌ಎಜಿ, ಪಾಸಿಟಿವ್. ಎಂದರೆ ಹೆಪಟೈಟಿಸ್ ಬಿ. ಈ ಹೆಂಗಸಿನ ಮೈಯಲ್ಲಿರುವುದು ಒಂದು ವೈರಸ್ ಅಲ್ಲ, ಎರಡು. ಸಂಚಿಯ ಆ ಪೊಟ್ಟಣ ಕಾಯುತ್ತಿರುವುದೂ ಎರಡನ್ನು.

ತಳವಾರನಿಲ್ಲದ ಊರು

ಬರಗಾಲದಲ್ಲಿ ಅಧಿಕ ಮಾಸ ಎನ್ನುತ್ತೇವೆ. ಮೊದಲೇ ಕಾಳಿಲ್ಲ, ಅದರ ಮೇಲೆ ಪಂಚಾಂಗ ಇನ್ನೊಂದು ತಿಂಗಳು ಸೇರಿಸಿ ಕೊಟ್ಟಿತು. ಎಚ್‌ಐವಿ ಇರುವವರಿಗೆ ಮತ್ತೊಂದು ವೈರಸ್ ಜೊತೆಯಾಗುವುದೆಂದರೆ ಹೀಗೆ. ವೈದ್ಯರು ಇದನ್ನು ಸಹಸೋಂಕು ಎನ್ನುತ್ತಾರೆ.

ನಮ್ಮೆಲ್ಲರ ಮೈಯೂ ಒಂದು ಊರಿದ್ದ ಹಾಗೆ. ಬಾಲ್ಯದಿಂದ ಹಿಡಿದು ಹತ್ತಾರು ವೈರಸ್ಸುಗಳು ಬಂದು ಇಲ್ಲಿ ನೆಲೆಸಿವೆ. ಚಿಕನ್ ಪಾಕ್ಸ್‌ನದು ನರದ ಬುಡದಲ್ಲಿ ಮಲಗಿದೆ, ಸೈಟೊಮೆಗಾಲೊ ಎಂಬ ಉದ್ದ ಹೆಸರಿನದು ರಕ್ತಕಣಗಳಲ್ಲಿ ತಲೆಮರೆಸಿಕೊಂಡಿದೆ. ಊರಲ್ಲಿ ತಳವಾರ ಇರುವ ತನಕ ಇವು ತೆಪ್ಪಗಿರುತ್ತವೆ. ಸಿಡಿ4 ಎಂಬ ಬಿಳಿ ರಕ್ತಕಣಗಳೇ ಆ ತಳವಾರರು. ಎಚ್‌ಐವಿಯ ಕುಯುಕ್ತಿ ಇರುವುದು ಇಲ್ಲೇ. ಅದು ಊರಿನ ಮೇಲೆ ಬೀಳುವುದಿಲ್ಲ, ತಳವಾರನ ಮನೆಗೇ ನುಗ್ಗುತ್ತದೆ.

ಏಡ್ಸ್ ಎಂಬ ಹೆಸರು ಹುಟ್ಟುವ ಮೊದಲೇ ಸಹಸೋಂಕಿನ ಕಥೆ ಶುರುವಾಗಿತ್ತು. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಸಣ್ಣ ವರದಿ ಬಂತು. ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ. ಆ ಐವರಲ್ಲೂ ಸೈಟೊಮೆಗಾಲೊ ವೈರಸ್ಸಿನ ಗುರುತುಗಳಿದ್ದವು. ಮೂಲ ಅಪರಾಧಿ ಯಾರೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಜಗತ್ತು ಮೊದಲು ಕಂಡದ್ದು ಜೊತೆಗಾರರನ್ನು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲ್ಯೂಕ್ ಮೊಂಟಾನ್ಯೆ ಅವರಿಗೆ ಎಚ್‌ಐವಿ ಸಿಕ್ಕಿದ್ದು 1983ರಲ್ಲಿ. 1986ರಲ್ಲಿ ಚೆನ್ನೈನ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಕೆಲಸದಿಂದ ಅದು ಭಾರತಕ್ಕೂ ಬಂದಿರುವುದು ತಿಳಿಯಿತು.

ಆಮೇಲಿನ ನಲವತ್ತು ವರ್ಷಗಳ ಬಹುಪಾಲನ್ನು ಒಂದೇ ವೈರಸ್ಸಿನ ಲೆಕ್ಕ ಇಡುವುದರಲ್ಲಿ ಕಳೆದೆವು. ಲೆಕ್ಕ ಚೆನ್ನಾಗಿಯೇ ಇಟ್ಟೆವು. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಉಚಿತ ಎಆರ್‌ಟಿ ಶುರುವಾಯಿತು. ಸಿಡಿ4 ಕೌಂಟ್ 200ಕ್ಕಿಂತ ಕೆಳಗಿಳಿದರೆ ಮಾತ್ರ ಔಷಧಿ ಎಂಬ ಅಂದಿನ ನಿಯಮ ಮೆಲ್ಲಗೆ ಸಡಿಲವಾಗಿ, 2017ರಲ್ಲಿ ಸೋಂಕು ಕಂಡ ಕೂಡಲೇ ಔಷಧಿ ಎಂಬಲ್ಲಿಗೆ ಬಂದು ನಿಂತಿತು. 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಎಚ್‌ಐವಿ ಸೋಂಕಿತರಿದ್ದರು, ಕರ್ನಾಟಕದಲ್ಲಿ ಸುಮಾರು ಎರಡೂಮುಕ್ಕಾಲು ಲಕ್ಷ. ಸರಿಯಾಗಿ ಗುಳಿಗೆ ನುಂಗುವವರು ಈಗ ಏಡ್ಸ್‌ನಿಂದ ಸಾಯುವುದು ಅಪರೂಪ.

ಹಾಗಾದರೆ ಅವರ ಮುಪ್ಪಿನ ಆರೋಗ್ಯವನ್ನು ಯಾವುದು ತೀರ್ಮಾನಿಸುತ್ತದೆ? ಕ್ಷಯ ಇದ್ದೇ ಇದೆ. ಭಾರತದಲ್ಲಿ ಎಚ್‌ಐವಿಯ ಅತಿ ದೊಡ್ಡ ಜೊತೆಗಾರ ಅದೇ. ಆದರೆ ಅದು ಬ್ಯಾಕ್ಟೀರಿಯಾ, ಅದನ್ನು ಹುಡುಕುವ ವ್ಯವಸ್ಥೆಯೂ ಇದೆ. ಸದ್ದಿಲ್ಲದೆ ಉಳಿಯುವವು ಜೊತೆಯ ವೈರಸ್ಸುಗಳು.

ಕೆಮ್ಮಣ್ಣಿನ ಹಾವು

ನಮ್ಮ ಊರಿನಲ್ಲಿ ಸರ್ಪಸುತ್ತಿಗೆ ಬರೆಯುವ ಅಜ್ಜ ಒಬ್ಬರಿದ್ದರು. ಪಕ್ಕೆಯ ಮೇಲೆ ಉರಿಗುಳ್ಳೆ ಎದ್ದವರು ಮುಂಜಾನೆ ಅವರ ಕಟ್ಟೆಯ ಮೇಲೆ ಕೂರುತ್ತಿದ್ದರು. ಅಜ್ಜ ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಹಾವಿನಂತೆ ಗೆರೆ ಎಳೆಯುತ್ತಿದ್ದರು. ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ನಂಬಿಕೆ. ಕೂಡದಂತೆ ತಡೆಯುವುದೇ ಆ ಗೆರೆಯ ಕೆಲಸ. ತಲೆ ಬಾಲ ಎಂದೂ ಕೂಡುತ್ತಿರಲಿಲ್ಲ. ಬೆನ್ನುಹುರಿಯಿಂದ ಹೊರಟ ಒಂದೊಂದು ನರವೂ ಮೈಯ ಒಂದೇ ಮಗ್ಗುಲಿಗೆ ಹೋಗುತ್ತದೆ, ಗುಳ್ಳೆ ಏಳುವುದೂ ಆ ನರದ ದಾರಿಯಲ್ಲೇ. ಹೀಗಾಗಿ ಅಜ್ಜನ ಕೀರ್ತಿಗೆ ಎಂದೂ ಕುಂದು ಬರಲಿಲ್ಲ.

ಸರ್ಪಸುತ್ತು ಹೊಸ ಸೋಂಕಲ್ಲ. ಚಿಕ್ಕಂದಿನಲ್ಲಿ ಅಮ್ಮ ಬಂದಿದೆ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಲ್ಲ, ಆ ಚಿಕನ್ ಪಾಕ್ಸ್‌ನ ವೈರಸ್ಸೇ ದಶಕಗಳ ನಂತರ ನರದ ಬುಡದಿಂದ ಎದ್ದು ಬರುವುದು. ಅರವತ್ತು ದಾಟಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಮಾಮೂಲಿ. ಆದರೆ ಮೂವತ್ತರ ಹರೆಯದವರಿಗೆ ಕಾರಣವಿಲ್ಲದೆ ಬಂದರೆ, ಅದರಲ್ಲೂ ಮತ್ತೆ ಮತ್ತೆ ಬಂದರೆ, ತಿಳಿದ ವೈದ್ಯರು ಮುಲಾಮಿನ ಜೊತೆಗೆ ಎಚ್‌ಐವಿ ಪರೀಕ್ಷೆಗೂ ಬರೆದುಕೊಡುತ್ತಾರೆ. ಸಿಡಿ4 ಇನ್ನೂ ಪೂರ್ತಿ ಕುಸಿಯುವ ಮೊದಲೇ ಈ ಹಾವು ಹೆಡೆ ಎತ್ತುವುದುಂಟು. ಎಚ್‌ಐವಿ ಇರುವುದು ಗೊತ್ತಾಗಲು ಎಷ್ಟೋ ಜನರಿಗೆ ಇದೇ ಮೊದಲ ಸೂಚನೆ. ಹಾಗೆಂದು ಸರ್ಪಸುತ್ತು ಬಂದವರನ್ನೆಲ್ಲ ಅನುಮಾನಿಸಬೇಕಿಲ್ಲ, ಬಹುಪಾಲು ಜನರಿಗೆ ಎಚ್‌ಐವಿ ಇರುವುದಿಲ್ಲ.

ಸರ್ಪಸುತ್ತು ಕಣ್ಣಿಗೆ ಕಾಣುತ್ತದೆ, ಉರಿಯುತ್ತದೆ, ಆಸ್ಪತ್ರೆಗೆ ಓಡಿಸುತ್ತದೆ. ಆ ಲೆಕ್ಕಕ್ಕೆ ಅದು ಪ್ರಾಮಾಣಿಕ ವೈರಸ್. ಸೈಟೊಮೆಗಾಲೊ ಹಾಗಲ್ಲ. ಸಿಡಿ4 ಕೌಂಟ್ 50ರ ಕೆಳಗಿಳಿದಾಗ ಅದು ಕಣ್ಣಿನ ಅಕ್ಷಿಪಟಲವನ್ನು ತಿನ್ನತೊಡಗುತ್ತದೆ. ನೋವಿಲ್ಲ. ಕಣ್ಣ ಮುಂದೆ ಸೊಳ್ಳೆ ಹಾರಾಡಿದಂತೆ, ಜೇಡರ ಬಲೆ ತೇಲಿದಂತೆ ಅನಿಸುತ್ತದೆ ಅಷ್ಟೆ. ಔಷಧಿ ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ. ಎಆರ್‌ಟಿ ಬೇಗ ಶುರುವಾಗತೊಡಗಿದ ಮೇಲೆ ಇಂಥವರು ಕಡಿಮೆಯಾದರು. ಹಾಗಿದ್ದೂ ಕೊನೆಯ ಗಳಿಗೆಯಲ್ಲಿ ಆಸ್ಪತ್ರೆ ಸೇರುವವರು ಇನ್ನೂ ಇದ್ದಾರೆ.

ಲಿವರಿನೊಳಗಿನ ಕಡತ

ಇನ್ನು ಆ ಹೆಂಗಸಿನ ಪುಸ್ತಕದಲ್ಲಿದ್ದ ಸಾಲಿಗೆ ಬರೋಣ.

ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಒಂದೇ ದಾರಿಯಲ್ಲಿ ಓಡಾಡುತ್ತವೆ: ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು. ಹರಡುವುದರಲ್ಲಿ ಮಾತ್ರ ಹೆಪಟೈಟಿಸ್ ಬಿ ಹತ್ತು ಹೆಜ್ಜೆ ಮುಂದೆ. ಮೈಯಿಂದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ, ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಜನರ ಮೈ ಅದನ್ನು ತಾನೇ ಹೊರಹಾಕುತ್ತದೆ. ನವಜಾತ ಶಿಶುಗಳಲ್ಲಿ ತಿರುಗುಮುರುಗು, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಕಾಯಂ ಆಗಿ ನೆಲೆಸುತ್ತದೆ. ದೊಡ್ಡವರಾದರೂ ಎಚ್‌ಐವಿ ಇದ್ದರೆ ಅದು ಕಾಯಂ ಆಗುವ ಸಂಭವ ಹಲವು ಪಟ್ಟು ಹೆಚ್ಚು. ಓಡಿಸಬೇಕಾದ ತಳವಾರನೇ ಇಲ್ಲವಲ್ಲ.

ಎರಡೂ ಕೂಡಿದರೆ ಏನಾಗುತ್ತದೆ? ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಪಟೈಟಿಸ್ ಬಿ ಮಾತ್ರ ಇದ್ದವರಲ್ಲಿ ಲಿವರ್ ಕಾಯಿಲೆಯಿಂದ ಸತ್ತವರು ವರ್ಷಕ್ಕೆ ಸಾವಿರಕ್ಕೆ 0.8. ಎಚ್‌ಐವಿ ಮಾತ್ರ ಇದ್ದವರಲ್ಲಿ 1.7. ಎರಡೂ ಇದ್ದವರಲ್ಲಿ 14.2. ಒಂದಕ್ಕೆ ಒಂದು ಕೂಡಿದರೆ ಎರಡಾಗಬೇಕು ಎಂಬ ಗಣಿತ ಇಲ್ಲಿ ನಡೆಯುವುದಿಲ್ಲ.

ಈ ವೈರಸ್ಸನ್ನು ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಹುಟ್ಟಿದ ದಿನವಾದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅವರಿಗೆ ಸಿಕ್ಕ ವಿಚಿತ್ರ ಪ್ರೋಟೀನೇ ಇಂದು ನಮ್ಮ ಲ್ಯಾಬ್ ಚೀಟಿಗಳಲ್ಲಿ ಎಚ್‌ಬಿಎಸ್‌ಎಜಿ ಎಂದು ಕಾಣುವುದು. 1976ರಲ್ಲಿ ನೊಬೆಲ್ ಬಂತು. ಬ್ಲಂಬರ್ಗ್‌ಗೂ ನಮ್ಮ ಹಿತ್ತಲಿಗೂ ಒಂದು ನಂಟಿದೆ. ಕಾಮಾಲೆ ಎಂದರೆ ನೆಲನೆಲ್ಲಿಯ ರಸ ಎಂಬುದು ನಮ್ಮ ಕಡೆ ಮಗುವಿಗೂ ಗೊತ್ತು. ಅದೇ ನೆಲನೆಲ್ಲಿಯನ್ನು ಮದ್ರಾಸಿನ ತ್ಯಾಗರಾಜನ್ ತಂಡ ಹೆಪಟೈಟಿಸ್ ಬಿ ಸೋಂಕಿತರಿಗೆ ಮೂವತ್ತು ದಿನ ಕೊಟ್ಟು ನೋಡಿತು, ಬ್ಲಂಬರ್ಗ್ ಜೊತೆಗಿದ್ದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: 37 ಜನರಲ್ಲಿ 22 ಮಂದಿಯ ರಕ್ತದಿಂದ ಆ ಪ್ರೋಟೀನ್ ಮಾಯ. ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದಾಗ ಆ ಪವಾಡ ಮರಳಿ ಬರಲಿಲ್ಲ. ನೆಲನೆಲ್ಲಿಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಕಣ್ಣಿನ ಹಳದಿ ಇಳಿದರೆ ಕಾಮಾಲೆ ಹೋಯಿತೆಂದು ನಾವು ತಿಳಿಯುತ್ತೇವೆ. ಹಳದಿ ಹೋಗುತ್ತದೆ, ವೈರಸ್ ಕೂತೇ ಇರುತ್ತದೆ.

ಕೂರುವ ಜಾಗವಾದರೂ ಎಂಥದು! ಲಿವರಿನ ಜೀವಕೋಶದ ಒಳಮನೆಯಲ್ಲಿ, ನಮ್ಮ ವಂಶವಾಹಿಗಳ ಪಕ್ಕದಲ್ಲೇ, ಅದು ತನ್ನ ಮೂಲ ಕಡತವನ್ನು ಉಂಗುರದಂತೆ ಸುತ್ತಿಟ್ಟುಕೊಳ್ಳುತ್ತದೆ. ಬೇಕಾದಾಗ ಅದರಿಂದ ನಕಲು ತೆಗೆಯುತ್ತದೆ. ಔಷಧಿ ನಕಲು ಮಾಡುವುದನ್ನು ನಿಲ್ಲಿಸೀತೇ ಹೊರತು ಕಡತವನ್ನು ಸುಡಲಾರದು. ಔಷಧಿ ನಿಂತ ದಿನ ನಕಲು ಮತ್ತೆ ಶುರು.

ಒಂದು ಗುಳಿಗೆ, ಎರಡು ಬೀಗ

ಈಗ ಎಆರ್‌ಟಿ ಸೆಂಟರ್‌ಗಳಲ್ಲಿ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ ಎಂಬ ಗುಳಿಗೆ. ಕಾಗದ ಬಿಡಿಸಿ ಅಂಗೈಯಲ್ಲಿಟ್ಟರೆ ಒಂದೇ ಗುಳಿಗೆ. ಒಳಗೆ ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50. ಮೂರೂ ಎಚ್‌ಐವಿಯ ಮೇಲೆ ಕೆಲಸ ಮಾಡುತ್ತವೆ. ಮೊದಲ ಎರಡು ಹೆಪಟೈಟಿಸ್ ಬಿ ಮೇಲೂ ಮಾಡುತ್ತವೆ. ಇದು ಕಾಕತಾಳೀಯವಲ್ಲ. ಬೇರೆ ಬೇರೆ ಕುಲದ ಈ ಎರಡು ವೈರಸ್ಸುಗಳಿಗೂ ಆರ್‌ಎನ್‌ಎಯಿಂದ ಡಿಎನ್‌ಎ ಬರೆದುಕೊಳ್ಳುವ ಒಂದೇ ಚಾಳಿ. ಆ ಬರೆಯುವ ಕೈಯನ್ನು ಹಿಡಿಯುವ ಔಷಧಿ ಎರಡಕ್ಕೂ ಬೀಗ.

ಈ ಭಾಗ್ಯ ಮೊದಲಿನಿಂದ ಇದ್ದದ್ದಲ್ಲ. ಉಚಿತ ಎಆರ್‌ಟಿಯ ಆರಂಭದ ವರ್ಷಗಳಲ್ಲಿ ಕೊಡುತ್ತಿದ್ದುದು ಸ್ಟಾವುಡಿನ್ ಅಥವಾ ಜಿಡೊವುಡಿನ್, ಜೊತೆಗೆ ಲ್ಯಾಮಿವುಡಿನ್ ಮತ್ತು ನೆವಿರಾಪಿನ್. ಹಳೆಯ ರೋಗಿಗಳು ಸ್ಟಾವುಡಿನ್ ಕಾಲವನ್ನು ಅಂಗಾಲಿನ ಉರಿಯಿಂದಲೇ ನೆನಪಿಡುತ್ತಾರೆ. ಆ ಮೂರರಲ್ಲಿ ಹೆಪಟೈಟಿಸ್ ಬಿ ವಿರುದ್ಧ ಕೆಲಸ ಮಾಡುತ್ತಿದ್ದುದು ಲ್ಯಾಮಿವುಡಿನ್ ಒಂದೇ. ನೆವಿರಾಪಿನ್ ಅಂತೂ ಲಿವರಿಗೇ ಪೆಟ್ಟು ಕೊಡಬಲ್ಲ ಔಷಧಿ. ಒಂಟಿ ಔಷಧಿಗೆ ವೈರಸ್ ಬೇಗ ಪಳಗುತ್ತದೆ. ಎರಡೂ ಸೋಂಕಿರುವವರಿಗೆ ಲ್ಯಾಮಿವುಡಿನ್ ಒಂದನ್ನೇ ಕೊಟ್ಟಾಗ ನಾಲ್ಕು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಮಂದಿಯ ಹೆಪಟೈಟಿಸ್ ಬಿ ಅದಕ್ಕೆ ಜಗ್ಗದಂತಾಗಿದ್ದನ್ನು ಫ್ರಾನ್ಸ್‌ನ ವೈದ್ಯರು 1999ರಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ಎಚ್‌ಐವಿಯ ಲೆಕ್ಕ ಸರಿಯಾಗಿಯೇ ಇದ್ದು, ಒಳಗೆ ಇನ್ನೊಂದು ಲೆಕ್ಕ ತಪ್ಪುತ್ತಿದ್ದ ಕಾಲ ಅದು. ಟೆನೊಫೊವಿರ್ ಬಂದ ಮೇಲೆ ಪಳಗಿದ ಆ ವೈರಸ್ಸಿಗೂ ಕಡಿವಾಣ ಬಿತ್ತು.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಒಂದೇ ಮಾತು. ತನಗೆ ಹೆಪಟೈಟಿಸ್ ಬಿ ಇದೆ ಎಂದೇ ಗೊತ್ತಿಲ್ಲದ ಅದೆಷ್ಟೋ ಜನರನ್ನು ಈ ಗುಳಿಗೆ ದಿನವೂ ಸದ್ದಿಲ್ಲದೆ ಕಾಪಾಡುತ್ತಿರುತ್ತದೆ. ಕಾಪಾಡುತ್ತಿರುವುದೂ ಅವರಿಗೆ ತಿಳಿಯದು. ಅಪಾಯ ಇರುವುದು ಇಲ್ಲಿಯೇ. ಟೆನೊಫೊವಿರ್ ಕೆಲವರ ಕಿಡ್ನಿಗೆ ಒಗ್ಗುವುದಿಲ್ಲ. ಕ್ರಿಯಾಟಿನಿನ್ ಏರಿತೆಂದು ಗುಳಿಗೆ ಬದಲಿಸುವ ವೈದ್ಯರ ಮುಂದೆ ಆ ಒಂದು ಸಾಲು ಇರಬೇಕು, ಹೆಪಟೈಟಿಸ್ ಬಿ ಇದೆಯೋ ಇಲ್ಲವೋ ಎಂಬುದು. ಇಲ್ಲದಿದ್ದರೆ ಎಚ್‌ಐವಿಗೆಂದು ಮಾಡಿದ ಸರಿಯಾದ ಬದಲಾವಣೆ ಲಿವರಿನ ಬೀಗ ತೆಗೆದುಬಿಡುತ್ತದೆ. ವಾರಗಳಲ್ಲಿ ಕಾಮಾಲೆ, ಕೆಲವೊಮ್ಮೆ ಲಿವರೇ ಕೈಕೊಡುವುದು. ವಿದೇಶಗಳಲ್ಲಿ ಬಳಕೆಗೆ ಬಂದಿರುವ ಎರಡು ತಿಂಗಳಿಗೊಮ್ಮೆಯ ಎಚ್‌ಐವಿ ಇಂಜೆಕ್ಷನ್‌ ಬಗ್ಗೆ ಇಲ್ಲಿನವರೂ ಆಸೆಯಿಂದ ವಿಚಾರಿಸುತ್ತಾರೆ. ದಿನವೂ ಗುಳಿಗೆ ಬಚ್ಚಿಡುವ ಕಷ್ಟ ಗೊತ್ತಿದ್ದವರಿಗೆ ಆ ಆಸೆ ಅರ್ಥವಾಗುತ್ತದೆ. ಆದರೆ ಆ ಇಂಜೆಕ್ಷನ್ನಿನ ಎರಡು ಔಷಧಿಗಳಲ್ಲಿ ಯಾವುದೂ ಹೆಪಟೈಟಿಸ್ ಬಿಯನ್ನು ಮುಟ್ಟುವುದಿಲ್ಲ.

ಇದರ ತಿರುವುಮುರುವೂ ಉಂಟು. ಹೆಪಟೈಟಿಸ್ ಬಿ ಎಂದು ಲಿವರ್ ವೈದ್ಯರ ಬಳಿ ಹೋದವರಿಗೆ ಎಚ್‌ಐವಿ ಪರೀಕ್ಷೆ ಮಾಡದೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಒಂದನ್ನೇ ಕೊಟ್ಟರೆ, ಒಳಗೆ ಗೊತ್ತಿಲ್ಲದೆ ಕೂತಿರುವ ಎಚ್‌ಐವಿ ಆ ಒಂಟಿ ಔಷಧಿಗೆ ಪಳಗುತ್ತದೆ. ಎರಡೂ ಬಾಗಿಲು ನೋಡದೆ ಒಂದಕ್ಕೆ ಬೀಗ ಹಾಕುವಂತಿಲ್ಲ.

ಸೋಂಕಿಲ್ಲದವರಿಗೆ ಲಸಿಕೆ ಇದೆ. 2011ರಿಂದ ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಸೇರಿದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್. ಅದಕ್ಕೂ ಮೊದಲು ಹುಟ್ಟಿದ ದೊಡ್ಡವರು ಕೇಳಿ ಹಾಕಿಸಿಕೊಳ್ಳಬೇಕು. ಎಚ್‌ಐವಿ ಇರುವವರ ಮೈ ಮಾಮೂಲಿ ಡೋಸಿಗೆ ಸರಿಯಾಗಿ ಓಗೊಡದಿರಬಹುದು. ಹಾಗಾಗಿ ಇಮ್ಮಡಿ ಡೋಸ್ ಕೊಡುವ ಪದ್ಧತಿ ಇದೆ.

ಹನ್ನೆರಡು ವಾರದ ಮಾತು

ಹೆಪಟೈಟಿಸ್ ಸಿ ಇದರ ತಮ್ಮನಂತೆ ಕೇಳಿಸಿದರೂ ಸ್ವಭಾವ ಬೇರೆ. ಸೂಜಿ ಹಂಚಿಕೊಂಡು ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಇದರ ಹಾವಳಿ ಹೆಚ್ಚು. ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಪಂಜಾಬ್‌ಗಳಲ್ಲಿ ಎಚ್‌ಐವಿಯ ಜೊತೆ ಇದು ಕೈಹಿಡಿದು ನಡೆದಿದೆ. ಎಚ್‌ಐವಿ ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದಲೇ ಹರಡಿದ ಕರ್ನಾಟಕದಲ್ಲಿ ಅಷ್ಟಿಲ್ಲ. ಇದಕ್ಕೆ ಲಸಿಕೆ ಇಲ್ಲ, ಆದರೆ ಪೂರ್ತಿ ಗುಣವಾಗುತ್ತದೆ, ಏಕೆಂದರೆ ಹೆಪಟೈಟಿಸ್ ಬಿಯಂತೆ ಒಳಮನೆಯಲ್ಲಿ ಕಡತ ಇಡುವ ಬುದ್ಧಿ ಇದಕ್ಕಿಲ್ಲ. 2013ರಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಒಂದು ಗುಳಿಗೆಯ ಬೆಲೆ ಸಾವಿರ ಡಾಲರ್, ಹನ್ನೆರಡು ವಾರದ ಚಿಕಿತ್ಸೆಗೆ 84 ಸಾವಿರ ಡಾಲರ್. ಭಾರತದ ಕಂಪನಿಗಳು ಜೆನೆರಿಕ್ ತಯಾರಿಸತೊಡಗಿದ ಮೇಲೆ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಎಚ್‌ಐವಿ ಇದ್ದರೂ ಇಲ್ಲದಿದ್ದರೂ ಗುಣವಾಗುವ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಒಂದೇ ಎಚ್ಚರಿಕೆ: ಸಿ ಓಡಿಹೋದಾಗ ಅದರ ನೆರಳಲ್ಲಿ ಅಡಗಿದ್ದ ಬಿ ತಲೆ ಎತ್ತಬಹುದು. ಆದ್ದರಿಂದ ಸಿ ಚಿಕಿತ್ಸೆಗೆ ಮೊದಲು ಬಿ ಪರೀಕ್ಷೆ ಆಗಲೇಬೇಕು.

ವಿನೆಗರ್ ಹಚ್ಚಿ ಒಂದು ನಿಮಿಷ

1983ರಲ್ಲಿ ಪ್ಯಾರಿಸ್‌ನಲ್ಲಿ ಎಚ್‌ಐವಿ ಸಿಕ್ಕಿತೆಂದೆ. ಅದೇ ವರ್ಷ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರ ತಂಡ ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಎಚ್‌ಪಿವಿ 16 ಎಂಬ ವೈರಸ್ಸನ್ನು ಗುರುತಿಸಿತು. 2008ರ ವೈದ್ಯಕೀಯ ನೊಬೆಲ್ ಈ ಇಬ್ಬಗೆಯ ಶೋಧಗಳಿಗೂ ಸೇರಿಯೇ ಬಂತು, ಅರ್ಧ ಝುರ್ ಹೌಸೆನ್‌ಗೆ, ಉಳಿದರ್ಧ ಎಚ್‌ಐವಿ ಕಂಡ ಇಬ್ಬರಿಗೆ. ಸ್ಟಾಕ್‌ಹೋಮ್‌ನ ವೇದಿಕೆಯಲ್ಲಿ ಅಕ್ಕಪಕ್ಕ ಕೂತ ಆ ಎರಡು ವೈರಸ್ಸುಗಳು ಹೆಂಗಸರ ಮೈಯಲ್ಲಿ ಬಹಳ ಮೊದಲೇ ಒಟ್ಟಾಗಿದ್ದವು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಎಚ್‌ಪಿವಿ ಬಹು ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೊರಟುಹೋಗುತ್ತದೆ. ಎಚ್‌ಐವಿ ಇದ್ದರೆ ಹೋಗಲು ಸೋಮಾರಿತನ. ಎಆರ್‌ಟಿಯಿಂದ ರಕ್ತದಲ್ಲಿ ಎಚ್‌ಐವಿ ಕಾಣದಷ್ಟು ಇಳಿದಿದೆ ಎಂದ ಮಾತ್ರಕ್ಕೆ ಈ ಚಿಂತೆ ತೀರುವುದಿಲ್ಲ, ಏಕೆಂದರೆ ಟಿಎಲ್‌ಡಿ ಗುಳಿಗೆಗೆ ಎಚ್‌ಪಿವಿ ಬಗ್ಗುವ ಜಾತಿಯಲ್ಲ. ಎಆರ್‌ಟಿಯಿಂದ ಆಯಸ್ಸು ಸಿಕ್ಕಿತು. ಆ ಆಯಸ್ಸೇ ಕ್ಯಾನ್ಸರಿಗೆ ಬೇಕಾದ ಕಾಲಾವಕಾಶವೂ ಆಗಬಹುದು.

ಕಂಡುಹಿಡಿಯುವುದು ದುಬಾರಿಯಲ್ಲ. ನರ್ಸ್ ಹತ್ತಿಯನ್ನು ವಿನೆಗರ್‌ನಷ್ಟು ತೆಳುವಾದ ಅಸಿಟಿಕ್ ಆಮ್ಲದಲ್ಲಿ ಅದ್ದುತ್ತಾರೆ, ನೂರರಲ್ಲಿ ಮೂರರಿಂದ ಐದು ಪಾಲು. ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಗಡಿಯಾರ ನೋಡುತ್ತಾರೆ. ಆರೋಗ್ಯವಾದ ಭಾಗ ನಸುಗೆಂಪಾಗಿಯೇ ಉಳಿಯುತ್ತದೆ. ಹದಗೆಡುತ್ತಿರುವ ಜೀವಕೋಶಗಳಿದ್ದಲ್ಲಿ ಮೊಸರು ಸಿಡಿದಂತೆ ಬೆಳ್ಳನೆಯ ಮಚ್ಚೆ ಮೂಡುತ್ತದೆ. ಆ ಮಚ್ಚೆಯನ್ನು ಬಿಸಿಯಿಂದಲೋ ಅತಿ ತಂಪಿನಿಂದಲೋ ಸುಟ್ಟುಹಾಕುವುದು ಕೆಲವೇ ನಿಮಿಷದ ಕೆಲಸ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಮಾಡಿದ ಈ ಪರೀಕ್ಷೆಯಿಂದಲೇ ಗರ್ಭಕೊರಳಿನ ಕ್ಯಾನ್ಸರ್ ಸಾವು ನೂರಕ್ಕೆ 31ರಷ್ಟು ತಗ್ಗಿತು. 2013ರಲ್ಲಿ ಬಂದ ಸುದ್ದಿ ಇದು. ಎಲ್ಲ ಹೆಂಗಸರಿಗೂ ಮೂವತ್ತರಿಂದ ತಪಾಸಣೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ಇರುವವರಿಗೆ ಇಪ್ಪತ್ತೈದರಿಂದಲೇ ಎನ್ನುತ್ತದೆ.

ಕಷ್ಟವಿರುವುದು ಆ ಒಂದು ನಿಮಿಷದಲ್ಲಲ್ಲ, ಅದಕ್ಕೆ ಮುಂಚಿನ ಮೆಟ್ಟಿಲುಗಳಲ್ಲಿ. ಎಆರ್‌ಟಿ ಸೆಂಟರಿನಿಂದ ಹೆಂಗಸರ ವಿಭಾಗಕ್ಕೆ ಚೀಟಿ ಹಿಡಿದು ಹೋಗಬೇಕು. ಅಲ್ಲಿ ಹೊಸ ಸಿಸ್ಟರ್, ಹೊಸ ಪ್ರಶ್ನೆ, ಪಕ್ಕದ ಬೆಂಚಿನಲ್ಲಿ ಊರಿನವರೇ ಯಾರಾದರೂ. ಎಷ್ಟೋ ಚೀಟಿಗಳು ಆ ಮೆಟ್ಟಿಲ ತನಕ ಹೋಗಿ ಸೆರಗಿನ ಗಂಟಿನಲ್ಲೇ ಮನೆಗೆ ಮರಳುತ್ತವೆ.

ಒಬ್ಬ ಒಳ್ಳೆಯ ನೆಂಟ

ಜೊತೆಗಾರರೆಲ್ಲ ಹಗೆಗಳೇ ಎಂದೇನಿಲ್ಲ. ಜಿಬಿ ವೈರಸ್ ಸಿ ಎಂಬ ಬಡಪಾಯಿ ವೈರಸ್ಸೊಂದಿದೆ. ಅದರಿಂದ ಬರುವ ಕಾಯಿಲೆ ಯಾವುದೆಂದು ಹುಡುಕಿ ವಿಜ್ಞಾನಿಗಳು ದಣಿದರು, ಏನೂ ಸಿಗಲಿಲ್ಲ. 2001ರಲ್ಲಿ ಅಮೆರಿಕದ ಅಯೋವಾ ಮತ್ತು ಜರ್ಮನಿಯ ಹ್ಯಾನೋವರ್‌ನಿಂದ ಒಟ್ಟಿಗೇ ಎರಡು ವರದಿಗಳು ಬಂದವು: ಎಚ್‌ಐವಿಯ ಜೊತೆ ಈ ವೈರಸ್ ಕೂಡ ಇದ್ದವರು ಇಲ್ಲದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಒಂದೇ ಸಿಡಿ4 ಕಣಗಳ ಮೇಲೆ ಕಣ್ಣಿಟ್ಟ ಇಬ್ಬರಲ್ಲಿ ಒಬ್ಬ ಇನ್ನೊಬ್ಬನಿಗೆ ಅಡ್ಡಗಾಲು ಹಾಕುತ್ತಿದ್ದಂತಿತ್ತು. ಅದನ್ನು ಔಷಧಿಯಾಗಿ ಬಳಸುವ ಹಂತಕ್ಕೆ ಯಾರೂ ಹೋಗಲಿಲ್ಲ, ಅಷ್ಟರಲ್ಲಿ ಒಳ್ಳೆಯ ಗುಳಿಗೆಗಳೇ ಬಂದವು.

ಕೇಳದ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವುದು ಒಂದು ಸರಳ ಮಾತು. ಈ ಸಹಸೋಂಕುಗಳಲ್ಲಿ ಮುಖ್ಯವಾದವಕ್ಕೆಲ್ಲ ಈಗ ದಾರಿ ಇದೆ. ಒಂದಕ್ಕೆ ಲಸಿಕೆ, ಒಂದಕ್ಕೆ ಹನ್ನೆರಡು ವಾರದ ಗುಳಿಗೆ, ಒಂದಕ್ಕೆ ವಿನೆಗರ್ ಹತ್ತಿ, ಒಂದಕ್ಕೆ ನುಂಗುತ್ತಿರುವ ಗುಳಿಗೆಯೇ ಸಾಕು. ಸಾಲದಿರುವುದು ಪ್ರಶ್ನೆ. ಎಆರ್‌ಟಿಗೆ ಒಂದು ಕೋಣೆ, ಹೆಪಟೈಟಿಸ್‌ಗೆ ಇನ್ನೊಂದು, ಗರ್ಭಕೊರಳಿಗೆ ಮತ್ತೊಂದು. ಮೈ ಮಾತ್ರ ಒಂದೇ. ಎಆರ್‌ಟಿ ಶುರುಮಾಡುವಾಗಲೇ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಬೇಕೆಂದು ನಿಯಮಾವಳಿಯಲ್ಲಿದೆ. ತನ್ನ ಪುಸ್ತಕದ ಆ ಸಾಲಿನಲ್ಲಿ ಏನು ಬರೆದಿದೆ, ಅಥವಾ ಖಾಲಿ ಇದೆಯೇ ಎಂದು ನೋಡುವ ಹಕ್ಕು ಗುಳಿಗೆ ನುಂಗುವವರಿಗೂ ಇದೆ. ಗುಳಿಗೆ ಬದಲಾದ ದಿನ "ನನ್ನ ಲಿವರಿಗೆ ಇದು ನಡೆಯುತ್ತದೆಯೇ?" ಎಂದು ಕೇಳಲು ಡಾಕ್ಟರಿಕೆ ಓದಿರಬೇಕಿಲ್ಲ.

ಕೇಳಲು ಬಿಡದಿರುವುದು ನಾಚಿಕೆ, ಭಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಹಿರಂಗಪಡಿಸುವುದು, ಅದನ್ನೇ ನೆಪಮಾಡಿ ಚಿಕಿತ್ಸೆಯನ್ನೋ ಕೆಲಸವನ್ನೋ ನಿರಾಕರಿಸುವುದು ಆ ಕಾಯ್ದೆಯ ಪ್ರಕಾರ ತಪ್ಪು. ಮದುವೆ ಮನೆಯ ಪಡಸಾಲೆಗೆ ಮಾತ್ರ ಯಾವ ಕಾಯ್ದೆಯೂ ಹೊಕ್ಕಿಲ್ಲ.

ಸಂಚಿಯ ಆ ಹೆಂಗಸಿಗೆ ಕೌನ್ಸೆಲರ್ ಇದನ್ನೆಲ್ಲ ಎರಡು ಮಾತಿನಲ್ಲಿ ಹೇಳಿದರು. ಈ ಗುಳಿಗಿ ನಿಮ್ಮ ಆ ಜಡ್ಡಿಗೂ ಹೌದು, ಲಿವರಿನ ಜಡ್ಡಿಗೂ ಹೌದು. ನಾಲ್ಕು ದಿನ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ರೂಢಿ ಆಗಬಾರದು. ಸುಣ್ಣ ಅಡಿಕೆಯ ಪಕ್ಕ ಇಟ್ಟರೆ ಥಂಡಿ ಹಿಡಿಯುತ್ತದೆ, ಡಬ್ಬಿಯಲ್ಲೇ ಇರಲಿ. ಗಿಲಗಿಲ ಎನ್ನದಂತೆ ಮೇಲೊಂದಿಷ್ಟು ಹತ್ತಿ ತುರುಕಿ ಕೊಡುತ್ತೇನೆ.

ಅವರು ಹತ್ತಿ ತುರುಕುತ್ತಿರುವಾಗ ಆ ಹೆಂಗಸು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ತಲೆ ಎತ್ತಿದರು.

"ಹಂಗಂದ್ರ ನಾಕ್ ಗುಳಿಗಿ ಬಿಟ್ಟಿದ್ದು ಎಂಟ್ ಬಿಟ್ಟಂಗ ಆತಲ್ರೀ ಮೇಡಮ್ಮಾರ?"

ಕೌನ್ಸೆಲರ್ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. "ಹೌದ್ ಅಕ್ಕಾ," ಅಂದರು, "ಬರೋಬ್ಬರಿ ಲೆಕ್ಕ."